ಹಿಡಿದವರ ಲೆಕ್ಕವೂ ಉಳಿಸಿದವರ ಲೆಕ್ಕವೂ

ಪ್ರತಿವರ್ಷ ಜೂನ್ 26ನೆಯ ದಿನವನ್ನು ಮಾದಕ ದ್ರವ್ಯ ವಿರೋಧಿ ದಿನವೆಂದು ಆಚರಿಸಬೇಕೆಂದು ವಿಶ್ವಸಂಸ್ಥೆಯು 1987ರಲ್ಲಿ ಗೊತ್ತುಮಾಡಿತು. ನಮ್ಮ ನಾಡಿನಲ್ಲಿ ಆ ದಿನ ನಡೆಯುವ ಕ್ರಮವು ವಾಚಕರಿಗೆ ಪರಿಚಿತವಾದದ್ದೇ. ಪಾಠಶಾಲೆಯ ಮಕ್ಕಳು ಫಲಕ ಹಿಡಿದು ಮೆರವಣಿಗೆ ಹೊರಡುವರು; ಅಧಿಕಾರಿಗಳು ಪ್ರತಿಜ್ಞೆ ಬೋಧಿಸುವರು; ಹಿಡಿದ ಗಾಂಜಾದ ಮೂಟೆಗಳನ್ನು ಪೋಲೀಸರು ಸುಟ್ಟು ಬೂದಿ ಮಾಡುವರು. ಎಷ್ಟು ಕಿಲೋ ಸುಟ್ಟಿತು, ಎಷ್ಟು ಮಂದಿಯ ಮೇಲೆ ಮೊಕದ್ದಮೆ ಹೂಡಲಾಯಿತು ಎಂಬುದು ಮರುದಿನದ ಪತ್ರಿಕೆಗಳಲ್ಲಿ ಅಚ್ಚಾಗುವದು. ಈ ಲೆಕ್ಕವನ್ನು ನಾವು ಹಗುರವಾಗಿ ಎಣಿಸುವವರಲ್ಲ. ಆದರೆ ಇದರ ಪಕ್ಕದಲ್ಲಿ ಇನ್ನೊಂದು ಲೆಕ್ಕವು ಇರಬೇಡವೇ? ಜಿಲ್ಲೆಯಲ್ಲಿ ಈ ವರ್ಷ ಎಷ್ಟು ಮಂದಿ ವ್ಯಸನಿಗಳು ಚಿಕಿತ್ಸೆಗೆ ಬಂದರು, ಅವರಲ್ಲಿ ಎಷ್ಟು ಮಂದಿ ಆರು ತಿಂಗಳ ತನಕ ಬಿಡದೆ ಬಂದರು, ಎಷ್ಟು ಮಂದಿ ಮತ್ತೆ ಕೂಲಿಗೆ ಹೋಗುವಂತಾದರು, ಎಷ್ಟು ಮಂದಿ ಸೂಜಿಯ ಮೂಲಕ ಬರುವ ಮಹಾರೋಗದಿಂದ ಪಾರಾದರು? ಹಿಡಿದವರ ಲೆಕ್ಕವನ್ನು ಸಭೆಯಲ್ಲಿ ಕೇಳಿ ಚಪ್ಪಾಳೆ ತಟ್ಟುವ ನಾವು ಉಳಿಸಿದವರ ಲೆಕ್ಕವನ್ನು ಕೇಳುವ ರೂಢಿಯನ್ನೇ ಇಟ್ಟುಕೊಂಡಿಲ್ಲ. ಇಂದು ನಾವು ಬರೆಯಹೊರಟಿರುವದು ಈ ಎರಡನೆಯ ಲೆಕ್ಕದ ವಿಷಯವಾಗಿ.

ಕಲಬುರಗಿಯಿಂದ ಹುಮನಾಬಾದದ ಕಡೆಗೆ ಹೊರಟವರಿಗೆ ಪಟ್ಟಣ ಮುಗಿಯುವಲ್ಲಿ ಕಪನೂರ ಸಿಗುವದು. ಅಲ್ಲಿಯ ಕೈಗಾರಿಕಾ ವಸಾಹತಿನಲ್ಲಿ ಬೇಳೆಯ ಗಿರಣಿಗಳ ಸದ್ದು, ಲಾರಿಗಳ ಸಾಲು, ಚೀಲ ಹೊರುವ ಹಮಾಲರ ಗುಂಪು. 2019ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಕಲಬುರಗಿಯ ತೊಗರಿಬೇಳೆಯು ಇಂಥ ಹೆಗಲುಗಳ ಮೇಲಿಂದಲೇ ದೇಶದ ಅಡಿಗೆಮನೆಗಳಿಗೆ ಹೋಗುವದು. ಅದೇ ದಾರಿಯಲ್ಲಿ ಮೂವತ್ತು ಕಿಲೋಮೀಟರಿಗೆ ಮಿಕ್ಕಿ ಸಾಗಿದರೆ ಕೆಂಪು ಬಾಳೆಗೆ ಹೆಸರಾದ, ಇತ್ತೀಚೆಗೆ ತಾಲೂಕಿನ ಕೇಂದ್ರವಾದ ಕಮಲಾಪುರ. ಇನ್ನೂ ಮುಂದೆ ಹುಮನಾಬಾದದಲ್ಲಿ ಈ ರಸ್ತೆಯು ಪುಣೆ–ಹೈದರಾಬಾದ ಹೆದ್ದಾರಿಯನ್ನು ಕೂಡುವದು. ಮೂರು ರಾಜ್ಯಗಳ ಸರಕು ಓಡಾಡುವ ದಾರಿಯಲ್ಲಿ ಕಳ್ಳ ಸರಕೂ ಓಡಾಡುವದೆಂದರೆ ಆಶ್ಚರ್ಯವಿಲ್ಲ. 2022ರ ಸೆಪ್ಟೆಂಬರದಲ್ಲಿ ಗಾಂಜಾ ಬೆಳೆಯ ಸುಳಿವು ಹಿಡಿದು ಮಹಾರಾಷ್ಟ್ರದ ಗಡಿಗೆ ಹೋದ ಕಮಲಾಪುರದ ಪೋಲೀಸ ಇನ್ಸ್‌ಪೆಕ್ಟರರ ಮೇಲೆ ಗುಂಪೊಂದು ಬಿದ್ದು ಹೊಡೆಯಿತು. ಪ್ರಾಣಾಪಾಯದ ಸ್ಥಿತಿಯಲ್ಲಿದ್ದ ಅವರನ್ನು ವಿಮಾನದಲ್ಲಿ ಬೆಂಗಳೂರಿಗೆ ಒಯ್ಯಬೇಕಾಯಿತು. ಕರ್ತವ್ಯದ ಹಾದಿಯಲ್ಲಿ ಇಷ್ಟು ನೋವುಂಡವರ ಮುಂದೆ ನಮ್ಮ ತಲೆ ಬಾಗುವದು.

ಆದರೆ ಗಾಂಜಾವೊಂದೇ ನಶೆಯಲ್ಲ. ಗಾಂಜಾವನ್ನು ಸೇದುವರು, ಅದರಿಂದ ಬುದ್ಧಿಗೂ ಬಾಳಿಗೂ ಕೇಡಾದರೂ ರಕ್ತದಿಂದ ರಕ್ತಕ್ಕೆ ರೋಗವು ದಾಟುವದಿಲ್ಲ. ನಾವು ಹೆಚ್ಚು ಅಂಜಬೇಕಾದದ್ದು ಅಫೀಮಿನ ಜಾತಿಯ ದ್ರವ್ಯಗಳಿಗೆ. ಅಫೀಮು, ಅದರಿಂದಾದ ಹೆರಾಯಿನ್, ಕೆಮ್ಮಿನ ಔಷಧದಲ್ಲಿಯ ಕೋಡೀನ್, ನೋವಿನ ಗುಳಿಗೆಗಳಾದ ಟ್ರಮಡಾಲ್ ಮತ್ತು ಟ್ಯಾಪೆಂಟಡಾಲ್, ಇವೆಲ್ಲ ಮೆದುಳಿನಲ್ಲಿ ಒಂದೇ ಕೀಲನ್ನು ತಿರುವುವ ಕೈಗಳು. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆಯವರು ದೇಶವನ್ನೆಲ್ಲ ಸಮೀಕ್ಷಿಸಿ 2019ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ ಭಾರತದಲ್ಲಿ ಸುಮಾರು 2.26 ಕೋಟಿ ಜನ ಇವುಗಳಲ್ಲಿ ಯಾವುದಾದರೊಂದನ್ನು ಬಳಸುವರು. ಅವರಲ್ಲಿ ಸುಮಾರು 77 ಲಕ್ಷ ಮಂದಿಗೆ ಬಳಕೆಯು ರೋಗದ ಮಟ್ಟಕ್ಕೆ ಮುಟ್ಟಿದೆ. ಸೂಜಿಯಿಂದ ನಶೆ ಏರಿಸಿಕೊಳ್ಳುವವರು ಸುಮಾರು 8.5 ಲಕ್ಷ. ಈ ಹಾವಳಿಯ ಅರ್ಧಕ್ಕೂ ಮಿಕ್ಕ ಪಾಲು ಹೊತ್ತ ರಾಜ್ಯಗಳ ಪಟ್ಟಿಯಲ್ಲಿ ಕರ್ನಾಟಕವಿಲ್ಲ. ಆದರೆ ನಮ್ಮ ನೆರೆಯ ಮಹಾರಾಷ್ಟ್ರ, ಆಂಧ್ರ ಎರಡೂ ಇವೆ. ನೆರೆಮನೆಗೆ ಬಿದ್ದ ಬೆಂಕಿಯನ್ನು ನೋಡುತ್ತ ಕುಳಿತವನಿಗೆ ತನ್ನ ಮಾಡಿನ ಹುಲ್ಲು ನೆನಪಾಗಬೇಕಷ್ಟೆ.

ಗುಳಿಗೆಯ ದಾರಿಯು ಹೆರಾಯಿನ್ನಿನ ದಾರಿಗಿಂತ ಸದ್ದಿಲ್ಲದ್ದು. ದಿನವಿಡೀ ಚೀಲ ಹೊತ್ತು ಬೆನ್ನು ಬಿಗಿದ ಒಬ್ಬ ಹಮಾಲನನ್ನು ಊಹಿಸಿಕೊಳ್ಳೋಣ. ಯಾವ ಊರಿನಲ್ಲಿಯಾದರೂ ಇರಬಹುದಾದವನು; ಕಪನೂರದ ಬಡಜನರ ಮೇಲೆ ಕಳಂಕ ಹೊರಿಸುವದು ನಮ್ಮ ಉದ್ದೇಶವಲ್ಲ. ಸ್ನೇಹಿತನೊಬ್ಬ ಕೊಟ್ಟ ಗುಳಿಗೆಯಿಂದ ಆ ರಾತ್ರಿ ಅವನಿಗೆ ನಿದ್ದೆ ಬಂತು. ಮರುದಿನ ಇನ್ನೊಂದು. ತಿಂಗಳು ಕಳೆಯುವಷ್ಟರಲ್ಲಿ ಒಂದರ ಬದಲು ನಾಲ್ಕು ಬೇಕಾದವು. ಒಂದು ದಿನ ಗುಳಿಗೆ ಸಿಗದಿದ್ದರೆ ಮೂಗು ಸೋರುವದು, ಆಕಳಿಕೆ ಬರುವದು, ಹೊಟ್ಟೆ ತಿರುಚುವದು, ಕೈಕಾಲು ಸೆಳೆಯುವದು, ಮೈಮೇಲೆ ರೋಮ ನಿಲ್ಲುವದು. ಈಗ ಅವನು ಗುಳಿಗೆ ನುಂಗುವದು ಸುಖಕ್ಕಲ್ಲ, ಈ ಯಾತನೆಯಿಂದ ತಪ್ಪಿಸಿಕೊಳ್ಳುವದಕ್ಕೆ. ಕೈಯಲ್ಲಿ ಕಾಸು ಕಡಮೆಯಾದಾಗ ಅದೇ ಗುಳಿಗೆಯನ್ನು ಅರೆದು ನೀರಿನಲ್ಲಿ ಕದಡಿ ನರಕ್ಕೆ ಚುಚ್ಚಿದರೆ ಸ್ವಲ್ಪದರಲ್ಲಿಯೇ ಹೆಚ್ಚು ಪರಿಣಾಮವೆಂದು ಯಾರೋ ಹೇಳಿಕೊಡುವರು. ಟ್ಯಾಪೆಂಟಡಾಲ್ ಗುಳಿಗೆಯನ್ನು ಹೀಗೆ ಚುಚ್ಚಿಕೊಳ್ಳುವವರನ್ನು ದಕ್ಷಿಣ ಭಾರತದ ನಗರಗಳ ವೈದ್ಯರು ಈಚಿನ ವರ್ಷಗಳಲ್ಲಿ ಕಂಡು ದಾಖಲಿಸಿದ್ದಾರೆ. 2018ರಲ್ಲಿ ಟ್ರಮಡಾಲನ್ನು ಮಾದಕ ದ್ರವ್ಯಗಳ ಕಾಯಿದೆಯ ಕೆಳಗೆ ತಂದದ್ದು ಸರಿಯಾದ ಕೆಲಸವೇ. ಆದರೆ ಒಂದು ಬಾಗಿಲು ಮುಚ್ಚಿದ ಮಾತ್ರಕ್ಕೆ ಯಾತನೆಯು ಮುಚ್ಚಲಿಲ್ಲ, ಅದು ಬೇರೆ ಬಾಗಿಲನ್ನು ಹುಡುಕಿತು.

ಗುಳಿಗೆಯಿಂದ ಸೂಜಿಗೆ ಬಂದವನು ಒಬ್ಬನೇ ಚುಚ್ಚಿಕೊಳ್ಳುವದು ಕಡಮೆ. ಇಬ್ಬರು ಮೂವರು ಕೂಡಿ ಒಂದೇ ಸಿರಿಂಜನ್ನು ಬಳಸುವಲ್ಲಿ ಎಚ್.ಐ.ವಿ. ವಿಷಾಣುವಿಗೆ ರಾಜಮಾರ್ಗವು ತೆರೆಯುವದು. 2021ರ ರಾಷ್ಟ್ರೀಯ ಪರೀಕ್ಷೆಯಲ್ಲಿ ಸೂಜಿಯಿಂದ ನಶೆ ಮಾಡುವವರಲ್ಲಿ ನೂರಕ್ಕೆ 9.03 ಮಂದಿಗೆ ಈ ಸೋಂಕು ಕಂಡುಬಂತು. ಅದೇ ವರ್ಷ ದೇಶದ ಒಟ್ಟು ವಯಸ್ಕರಲ್ಲಿ ಅದರ ಅಂದಾಜು ನೂರಕ್ಕೆ 0.21 ಮಾತ್ರ. ಮಣಿಪುರದಲ್ಲಿ ಹೀಗೆ ಚುಚ್ಚಿಕೊಳ್ಳುವವರಲ್ಲಿ ಸೋಂಕು ಮೊದಲು ಕಾಣಿಸಿದ್ದು 1989ರ ಸುಮಾರಿಗೆ. ಒಂದೆರಡು ವರ್ಷಗಳೊಳಗೆ ಅವರಲ್ಲಿ ಅರ್ಧದಷ್ಟು ಮಂದಿಗೆ ಅದು ಹಬ್ಬಿಹೋಯಿತು.

ಮಣಿಪುರವು ಗಡಿನಾಡು, ಅಲ್ಲಿ ಹೆರಾಯಿನ್ ಸುಲಭವಾಗಿ ಸಿಗುತ್ತಿತ್ತು ಎನ್ನುವವರು ಅಮೇರಿಕದ ಇಂಡಿಯಾನಾ ಸಂಸ್ಥಾನದ ಸ್ಕಾಟ್ ಕೌಂಟಿಯ ಕಥೆಯನ್ನು ಕೇಳಬೇಕು. ಅಲ್ಲಿಯ ಆಸ್ಟಿನ್ ಎಂಬುದು ಸುಮಾರು ನಾಲ್ಕು ಸಾವಿರ ಜನರ ಸಾಧಾರಣ ಊರು. 2004ರಿಂದ 2013ರ ವರೆಗೆ ಇಡೀ ಕೌಂಟಿಯಲ್ಲಿ ಕಂಡುಬಂದ ಎಚ್.ಐ.ವಿ. ಸೋಂಕುಗಳು ಐದು. ಅಲ್ಲಿಯ ಜನ ನೋವಿನ ಗುಳಿಗೆಯೊಂದನ್ನು ಕರಗಿಸಿ ಚುಚ್ಚಿಕೊಳ್ಳತೊಡಗಿದ ಮೇಲೆ 2015ರ ಒಂದೇ ವರ್ಷದಲ್ಲಿ ಸೋಂಕಿತರ ಸಂಖ್ಯೆ ಸುಮಾರು 180ಕ್ಕೆ ಏರಿತು. ಶುದ್ಧ ಸೂಜಿ ಹಂಚುವದನ್ನು ಅಪರಾಧವೆಂದು ಎಣಿಸಿದ್ದ ಆ ಸಂಸ್ಥಾನವು ತುರ್ತು ಪರಿಸ್ಥಿತಿಯನ್ನು ಸಾರಿ, ತಾನೇ ಸೂಜಿ ಹಂಚಲು ಒಪ್ಪಬೇಕಾಯಿತು. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವದೆಂದರೆ ಇದೇ.

ನಮ್ಮ ಕರ್ನಾಟಕದಲ್ಲಿ ಎಚ್.ಐ.ವಿ. ಸೋಂಕು ಹಬ್ಬಿದ್ದು ಮುಖ್ಯವಾಗಿ ಸ್ತ್ರೀಪುರುಷ ಸಂಬಂಧದಿಂದ. ಸೂಜಿಯ ಪಾಲು ಅದರಲ್ಲಿ ಚಿಕ್ಕದು. ಈ ಮಾತನ್ನು ನಾವು ಮರೆಮಾಡುವದಿಲ್ಲ. ಆದರೆ ಈ ರಾಜ್ಯದಲ್ಲಿ ಇಂದು ಎರಡೂವರೆ ಲಕ್ಷಕ್ಕೂ ಮಿಕ್ಕ ಜನ ಈ ಸೋಂಕಿನೊಂದಿಗೆ ಬಾಳುತ್ತಿರುವರು. ಆದುದರಿಂದ ಕಿಡಿ ಬಿದ್ದರೆ ಹತ್ತಿಕೊಳ್ಳುವ ಒಣ ಹುಲ್ಲು ನಮ್ಮಲ್ಲಿ ಇಲ್ಲವೆಂದಲ್ಲ. ಇದಕ್ಕಿಂತ ಮುಖ್ಯವಾದದ್ದು, ಆ ಮೊದಲನೆಯ ಹಾವಳಿಯನ್ನು ನಾವು ಹೇಗೆ ತಗ್ಗಿಸಿದೆವು ಎಂಬುದು. ಈ ಶತಮಾನದ ಆರಂಭದಲ್ಲಿ ಗರ್ಭಿಣಿಯರಲ್ಲಿ ನೂರಕ್ಕೆ ಒಂದನ್ನು ಮೀರಿ ಸೋಂಕಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಆ ಪ್ರಮಾಣವನ್ನು ಇಳಿಸಿದ್ದು ಲಾಠಿಯಲ್ಲ. ಯಾರನ್ನು ಊರು ಬೀದಿಯಲ್ಲಿ ಕಂಡರೆ ಮುಖ ತಿರುಗಿಸುತ್ತಿತ್ತೋ ಆ ಹೆಣ್ಣುಮಕ್ಕಳನ್ನೇ ಕೂಡಿಸಿ, ಅವರ ಕೈಯಲ್ಲಿಯೇ ತಿಳಿವಳಿಕೆಯ ಕೆಲಸವನ್ನು ಕೊಟ್ಟು, ಪರೀಕ್ಷೆಯನ್ನು ಗುಟ್ಟಾಗಿ ನಡೆಯಿಸಿ, 2004ರ ಏಪ್ರಿಲಿನಿಂದ ಸರಕಾರಿ ದವಾಖಾನೆಗಳಲ್ಲಿ ಪುಕ್ಕಟೆ ಔಷಧ ಕೊಡಲು ತೊಡಗಿದ್ದರಿಂದ ಅದು ಇಳಿಯಿತು. ಅಪಮಾನಿತರನ್ನು ಹತ್ತಿರ ಕರೆದ ನೀತಿಯು ಗೆದ್ದಿತು. ಒಂದು ರೋಗದಲ್ಲಿ ಗೆದ್ದ ನೀತಿಯನ್ನು ಇನ್ನೊಂದರಲ್ಲಿ ಮರೆಯಲು ಕಾರಣವೇನು?

ಅಫೀಮಿನ ಚಟಕ್ಕೆ ಔಷಧವಿದೆ. ಇದನ್ನು ನಮ್ಮ ಓದುಬಲ್ಲ ಜನರಲ್ಲಿಯೂ ಹಲವರು ಅರಿಯರು. ಮೆಥಡೋನ್ ಎಂಬುದನ್ನು ನ್ಯೂಯಾರ್ಕಿನ ವೈದ್ಯರಾದ ಡೋಲ್ ಮತ್ತು ನೈಸ್ವಾಂಡರ್ 1960ರ ದಶಕದ ನಡುವೆ ಈ ಚಿಕಿತ್ಸೆಗೆ ತಂದರು. ಬ್ಯುಪ್ರೆನಾರ್ಫಿನ್ ಎಂಬುದು ಅನಂತರ ಬಂತು. ವಿಶ್ವ ಆರೋಗ್ಯ ಸಂಸ್ಥೆಯು 2005ರಲ್ಲಿ ಎರಡನ್ನೂ ಅವಶ್ಯಕ ಔಷಧಗಳ ಪಟ್ಟಿಗೆ ಸೇರಿಸಿತು. ಬ್ಯುಪ್ರೆನಾರ್ಫಿನ್ ಗುಳಿಗೆಯನ್ನು ನಾಲಿಗೆಯ ಕೆಳಗೆ ಇಟ್ಟು ಕರಗಿಸುವರು. ಅಫೀಮು ಕೂಡುವ ಮೆದುಳಿನ ತಾಣದಲ್ಲಿಯೇ ಅದೂ ಹೋಗಿ ಕೂಡುವದು. ಆದರೆ ಅಮಲನ್ನು ಏರಿಸದೆ ಯಾತನೆಯನ್ನು ಮಾತ್ರ ತಡೆಯುವದು. ಅದರ ಪ್ರಭಾವವು ಒಂದು ದಿನಕ್ಕೂ ಮಿಕ್ಕಿ ನಿಲ್ಲುವದು. ಪ್ರಮಾಣವು ಹೆಚ್ಚಾದರೂ ಉಸಿರನ್ನು ಅಡಗಿಸುವ ಅಪಾಯವು ಇತರ ಅಫೀಮುಗಳಿಗಿಂತ ಬಹಳ ಕಡಮೆ. ಬೆಳಿಗ್ಗೆ ದಾದಿಯ ಎದುರು ಗುಳಿಗೆ ತೆಗೆದುಕೊಂಡವನು ಹತ್ತು ಗಂಟೆಗೆ ಗಿರಣಿಯಲ್ಲಿ ಕೆಲಸಕ್ಕೆ ನಿಲ್ಲಬಲ್ಲನು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2012ರಲ್ಲಿ ಪ್ರಕಟವಾದ ವಿಮರ್ಶೆಯೊಂದರಲ್ಲಿ, ಸೂಜಿ ಬಳಸುವವರು ಈ ಚಿಕಿತ್ಸೆಯಲ್ಲಿದ್ದಾಗ ಎಚ್.ಐ.ವಿ. ಅಂಟುವ ಸಂಭವವು ನೂರಕ್ಕೆ 54ರಷ್ಟು ಕಡಮೆಯಾದದ್ದು ಕಂಡುಬಂದಿತು. 2017ರ ಇನ್ನೊಂದು ವಿಮರ್ಶೆಯಲ್ಲಿ, ಮೆಥಡೋನ್ ಚಿಕಿತ್ಸೆಯಲ್ಲಿ ಇದ್ದವರ ಮರಣದ ಪ್ರಮಾಣವು ಚಿಕಿತ್ಸೆ ಬಿಟ್ಟವರದಕ್ಕಿಂತ ಮೂರನೆಯ ಒಂದು ಭಾಗಕ್ಕೂ ಕೆಳಗಿತ್ತು.

“ಒಂದು ನಶೆಯ ಬದಲು ಇನ್ನೊಂದು ನಶೆಯನ್ನು ಸರಕಾರವೇ ಹಂಚುವದೇ?” ಎಂದು ಸಜ್ಜನರು ಕೇಳುವದುಂಟು. ಪ್ರಶ್ನೆಯು ಅಲ್ಲಗಳೆಯತಕ್ಕದ್ದಲ್ಲ. ಬ್ಯುಪ್ರೆನಾರ್ಫಿನ್ ಇಂಜೆಕ್ಷನ್ನು ನಮ್ಮ ದೇಶದ ಹಲವು ಪಟ್ಟಣಗಳಲ್ಲಿ ತಾನೇ ನಶೆಯ ವಸ್ತುವಾಗಿ ದುರುಪಯೋಗವಾದದ್ದೂ ನಿಜ. ಆದ್ದರಿಂದಲೇ ಅದನ್ನು ದಾದಿಯ ಕಣ್ಣೆದುರು ಕೊಡುವ ನಿಯಮ. ಆದ್ದರಿಂದಲೇ ಅದರೊಡನೆ ನಾಲೊಕ್ಸೋನ್ ಬೆರೆಸಿದ ಗುಳಿಗೆ, ಏಕೆಂದರೆ ಅದನ್ನು ಅರೆದು ಚುಚ್ಚಿಕೊಂಡರೆ ಸುಖದ ಬದಲು ಯಾತನೆಯೇ ಏಳುವದು. ಸಕ್ಕರೆ ರೋಗದವನು ದಿನವೂ ಇನ್ಸುಲಿನ್ ತೆಗೆದುಕೊಂಡರೆ ಅವನನ್ನು ಇನ್ಸುಲಿನ್ನಿನ ದಾಸನೆಂದು ನಾವು ಹೀಯಾಳಿಸುವದಿಲ್ಲ. ಇದಕ್ಕೆ ಬದಲಾಗಿ ನಮ್ಮ ಜನ ನಂಬಿರುವ ಉಪಾಯವೆಂದರೆ ಕೂಡಿಹಾಕಿ ಹತ್ತು ದಿನ ಬಿಡಿಸುವದು. ಬಿಟ್ಟವರಲ್ಲಿ ಬಹು ಮಂದಿ ಮತ್ತೆ ಹಿಡಿಯುವರು. ದೇಹವು ತಾಳಿಕೆಯನ್ನು ಕಳೆದುಕೊಂಡಿರುವಾಗ ಹಳೆಯ ಪ್ರಮಾಣವನ್ನೇ ತೆಗೆದುಕೊಂಡವನು ಉಸಿರುಗಟ್ಟಿ ಸಾಯುವನು. ಸೆರೆಮನೆಯಿಂದ ಬಿಡುಗಡೆಯಾದ ಮೊದಲ ವಾರಗಳು ವ್ಯಸನಿಗೆ ಎಲ್ಲಕ್ಕೂ ಹೆಚ್ಚು ಮರಣಭಯದ ಕಾಲವೆಂದು ದೇಶದೇಶಗಳ ಸಂಶೋಧನೆಯು ಸಾರಿದೆ. ಹಿಡಿದವರ ಲೆಕ್ಕದಲ್ಲಿ ಗೆಲುವೆಂದು ಬರೆದದ್ದು ಕೆಲವೊಮ್ಮೆ ಮನೆಯವರ ಲೆಕ್ಕದಲ್ಲಿ ತಿಥಿಯಾಗಿ ಬರುವದು.

ಕಾನೂನು ಇದಕ್ಕೆ ಅಡ್ಡಿಯೆಂದು ಯಾರೂ ತಿಳಿಯಬಾರದು. 1985ರ ಮಾದಕ ದ್ರವ್ಯಗಳ ಕಾಯಿದೆಯ 64ಎ ಕಲಮಿನ ಮೇರೆಗೆ, ಸೇವನೆಯ ಇಲ್ಲವೆ ಅಲ್ಪ ಪ್ರಮಾಣದ ಅಪರಾಧ ಹೊತ್ತ ವ್ಯಸನಿಯು ತಾನಾಗಿ ಸರಕಾರವು ಮನ್ನಿಸಿದ ಸಂಸ್ಥೆಯಲ್ಲಿ ಚಿಕಿತ್ಸೆಗೆ ಬಂದು ಅದನ್ನು ಪೂರೈಸಿದರೆ ಅವನ ಮೇಲೆ ಮೊಕದ್ದಮೆ ನಡೆಯದು. 2017ರಲ್ಲಿ ಅಂಗೀಕೃತವಾಗಿ 2018ರ ಸೆಪ್ಟೆಂಬರ 10ರಿಂದ ಜಾರಿಗೆ ಬಂದ ಎಚ್.ಐ.ವಿ. ಮತ್ತು ಏಡ್ಸ್ ಕಾಯಿದೆಯ 22ನೆಯ ಕಲಮು, ಶುದ್ಧ ಸೂಜಿ ಕೊಡುವದೂ ಬದಲಿ ಔಷಧ ಕೊಡುವದೂ ಅಪರಾಧವಲ್ಲವೆಂದು ಉದಾಹರಣೆ ಸಹಿತ ಹೇಳುವದು. 2017ರ ಮಾನಸಿಕ ಆರೋಗ್ಯ ಕಾಯಿದೆಯು ವ್ಯಸನದಿಂದ ಬಂದ ಸ್ಥಿತಿಗಳನ್ನು ಮನೋರೋಗದ ಅರ್ಥದಲ್ಲಿಯೇ ಸೇರಿಸಿದೆ. ಕಾಯಿದೆಯ ಪುಸ್ತಕದಲ್ಲಿ ವ್ಯಸನಿಯು ರೋಗಿಯಾಗಿರುವನು. ಊರ ಮಾತಿನಲ್ಲಿ ಮಾತ್ರ ಇನ್ನೂ ಕಳ್ಳನಾಗಿರುವನು.

ಇದು ಪರದೇಶದಿಂದ ತಂದ ಹೊಸ ವಿಚಾರವೆಂದು ಹೇಳುವವರಿಗೆ ನಮ್ಮ ರಾಷ್ಟ್ರೀಯ ಚಳವಳಿಯ ಒಂದು ಪುಟವನ್ನು ತೋರಿಸಬಯಸುವೆವು. ಆಂಗ್ಲರು ಅಫೀಮನ್ನು ಬೊಕ್ಕಸದ ಹಾದಿ ಮಾಡಿಕೊಂಡಿದ್ದರು. ನಿಜಾಮ ಸಂಸ್ಥಾನದಲ್ಲಿಯೂ ಅಬಕಾರಿಯೇ ದೊಡ್ಡ ಆದಾಯಗಳಲ್ಲೊಂದು. ಅಸ್ಸಾಮದ ಜನರನ್ನು ಅಫೀಮು ತಿನ್ನುತ್ತಿರುವದನ್ನು ಕಂಡು ಅಲ್ಲಿಯ ಪ್ರಾಂತಿಕ ಕಾಂಗ್ರೆಸ್ಸು 1924-25ರಲ್ಲಿ ವಿಚಾರಣಾ ಸಮಿತಿಯನ್ನು ನೇಮಿಸಿತು. ದೀನಬಂಧು ಆಂಡ್ರೂಸರು ಅದಕ್ಕೆ ನೆರವಾದರು. ಮಾರಾಟವನ್ನು ಕಡೆಗೆ ವೈದ್ಯಕೀಯದ ಅವಶ್ಯಕತೆಗೆ ಮಾತ್ರ ಇಳಿಸಬೇಕೆಂದು ಹೇಳಿದ ಆ ದೇಶಭಕ್ತರು, ನಾಲ್ವತ್ತು ವರ್ಷದೊಳಗಿನ ವ್ಯಸನಿಗಳ ವಿಷಯವನ್ನು ವೈದ್ಯರ ಪ್ರಶ್ನೆಯೆಂದೇ ಭಾವಿಸಿ ನಡೆಯಬೇಕೆಂದೂ ಹೇಳಿದರು. ವ್ಯಾಪಾರಕ್ಕೆ ಕಾಠಿಣ್ಯ, ವ್ಯಸನಿಗೆ ಕಾರುಣ್ಯ: ಸ್ವರಾಜ್ಯಕ್ಕಾಗಿ ಹೋರಾಡಿದವರು ಎರಡನ್ನೂ ಒಂದೇ ಬಾಯಲ್ಲಿ ನುಡಿದರು. ಮಾದಕ ವಸ್ತುಗಳನ್ನು ತಡೆಯಬೇಕೆಂದು ಹೇಳುವ ಸಂವಿಧಾನದ 47ನೆಯ ಅನುಚ್ಛೇದವು ಅದೇ ವಾಕ್ಯಗಳಲ್ಲಿ ಜನಾರೋಗ್ಯದ ಸುಧಾರಣೆಯನ್ನು ಸರಕಾರದ ಮೊದಲ ಕರ್ತವ್ಯಗಳಲ್ಲೊಂದೆಂದು ಸಾರುವದನ್ನೂ ನಮ್ಮ ಅಧಿಕಾರಿಗಳು ನೆನೆಯಬೇಕು.

ಹಾಗಾದರೆ ಮಾಡತಕ್ಕದ್ದೇನು? ನಾಲ್ಕು ಮಾತುಗಳನ್ನು ನಾವು ಸೂಚಿಸುವೆವು.

ಮೊದಲನೆಯದು, ಎಣಿಕೆ. ಕಲಬುರಗಿಯಲ್ಲಿ ಸರಕಾರಿ ವೈದ್ಯಕೀಯ ಸಂಸ್ಥೆಯಿದೆ, ಕಾರ್ಮಿಕರ ವಿಮಾ ನಿಗಮದ ವೈದ್ಯಕೀಯ ಮಹಾವಿದ್ಯಾಲಯವಿದೆ, 1963ರಿಂದ ನಡೆದುಬಂದ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಮಹಾವಿದ್ಯಾಲಯವಿದೆ, ವಿಶ್ವವಿದ್ಯಾಲಯಗಳಿವೆ. ಇಷ್ಟು ವಿದ್ಯಾಪೀಠಗಳಿರುವ ಊರಿನಲ್ಲಿ ಕಪನೂರದ ವಸಾಹತು, ಲಾರಿಗಳ ತಂಗುದಾಣ, ಕಮಲಾಪುರದ ಸಂತೆ, ಇಲ್ಲೆಲ್ಲ ನೋವಿನ ಗುಳಿಗೆಯ ಬಳಕೆ ಹೇಗಿದೆಯೆಂಬುದನ್ನು ಹೆಸರು ಕೇಳದೆ, ಪೋಲೀಸರಿಗೆ ತಿಳಿಸದೆ ಶಾಸ್ತ್ರೀಯವಾಗಿ ಅಭ್ಯಸಿಸುವದು ಅಸಾಧ್ಯವಲ್ಲ.

ಎರಡನೆಯದು, ಔಷಧವು ದುಡಿಯುವವನ ದಾರಿಯಲ್ಲಿ ಇರಬೇಕು. ದಿನವೂ ಗುಳಿಗೆಗಾಗಿ ಕಮಲಾಪುರದಿಂದ ಜಿಲ್ಲಾ ಕೇಂದ್ರಕ್ಕೆ ಬಂದು ಹೋಗಬೇಕಾದರೆ ಬಡವನ ಅರ್ಧ ಕೂಲಿ ಬಸ್ಸಿಗೆ, ಉಳಿದರ್ಧ ಹೊತ್ತಿಗೆ. ನೌಕರಿಯ ವೇಳೆಗೆ ಮೊದಲೇ ತೆರೆಯುವ ದವಾಖಾನೆ ಬೇಕು. ಸ್ಥಿರವಾದವರಿಗೆ ಹಲವು ದಿನಗಳ ಔಷಧವನ್ನು ಮನೆಗೆ ಕೊಡುವ ಕ್ರಮ ಬೇಕು. ಪಂಜಾಬವು 2017ರಿಂದ ಇಂಥ ಹೊರರೋಗಿ ಕೇಂದ್ರಗಳನ್ನು ನೂರಾರು ಕಡೆ ತೆರೆದಿದೆ. 2020ರ ಲಾಕ್‌ಡೌನಿನಲ್ಲಿ ಮನೆಗೆ ಔಷಧ ಕೊಡುವ ಕ್ರಮವೂ ಅಲ್ಲಿ ವಿಸ್ತಾರವಾಯಿತು. ಅಷ್ಟು ದೂರವೇಕೆ? ನಮ್ಮದೇ ಬಳ್ಳಾರಿ ಜಿಲ್ಲೆಯಲ್ಲಿ 1980ರ ದಶಕದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ಹಳ್ಳಿಯ ಆರೋಗ್ಯ ಕೇಂದ್ರದ ವೈದ್ಯರಿಗೆ ಶಿಕ್ಷಣ ಕೊಟ್ಟು ಮನೋರೋಗದ ಚಿಕಿತ್ಸೆಯನ್ನು ತಾಲೂಕಿಗೆ ಇಳಿಸಿದರು. ಅದೇ ಮಾದರಿಯು 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಕಲ್ಯಾಣ ಕರ್ನಾಟಕವು ದೇಶಕ್ಕೆ ಕಲಿಸಿದ ಪಾಠವನ್ನು ಕಲ್ಯಾಣ ಕರ್ನಾಟಕವೇ ಮರೆಯಬೇಕೇ?

ಮೂರನೆಯದು, ಸೂಜಿ ಹಿಡಿಯುವ ತನಕ ಕಾಯಬಾರದು. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆಯ ಬದಲಿ ಔಷಧದ ಯೋಜನೆಯು ಮುಖ್ಯವಾಗಿ ಸೂಜಿ ಬಳಸುವವರಿಗಾಗಿ ಹುಟ್ಟಿದ್ದು. ಗುಳಿಗೆ ನುಂಗುವವನು ಚಿಕಿತ್ಸೆಗೆ ಪಾತ್ರನಾಗಬೇಕಾದರೆ ಮೊದಲು ಸೂಜಿಗೆ ಬೀಳಬೇಕೆಂಬುದು ವಿವೇಕವೇ? ಸರಕಾರಿ ದವಾಖಾನೆಗಳ ವ್ಯಸನ ಚಿಕಿತ್ಸಾ ವಿಭಾಗಗಳಲ್ಲಿ ಇಬ್ಬರಿಗೂ ಸಮಾನವಾಗಿ ಬಾಗಿಲು ತೆರೆದಿರಬೇಕು, ಎಚ್.ಐ.ವಿ. ಪರೀಕ್ಷೆ, 2018ರಿಂದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಪುಕ್ಕಟೆಯಾಗಿರುವ ಹೆಪಟೈಟಿಸ್ ಸಿ ಚಿಕಿತ್ಸೆ, ಇವೂ ಅದೇ ಸೂರಿನ ಕೆಳಗೆ ಸಿಗಬೇಕು. ಜೊತೆಗೆ, ಚಿಕ್ಕ ನೋವಿಗೂ ಚುಚ್ಚುಮದ್ದು ಬೇಡುವ ನಮ್ಮ ಜನರಿಗೂ ಎಚ್ಚರಿಕೆ ಬೇಕು. ಉತ್ತರ ಪ್ರದೇಶದ ಬಾಂಗರಮೌದಲ್ಲಿ 2017-18ರಲ್ಲಿ ನಕಲಿ ವೈದ್ಯನೊಬ್ಬನು ಒಂದೇ ಸಿರಿಂಜಿನಿಂದ ಹಲವರನ್ನು ಚುಚ್ಚಿದನೆಂಬ ಆರೋಪದ ನಡುವೆ ಹತ್ತಾರು ಜನರಿಗೆ ಎಚ್.ಐ.ವಿ. ಸೋಂಕು ಕಂಡುಬಂತು. ಅವರಲ್ಲಿ ಯಾರೂ ನಶೆಗಾಗಿ ಸೂಜಿಗೆ ಕೈಯೊಡ್ಡಿದವರಲ್ಲ. ಕೆಮ್ಮು ಜ್ವರಕ್ಕೆ ಅಗ್ಗದ ಔಷಧ ಕೇಳಿದ ಬಡವರು.

ನಾಲ್ಕನೆಯದು, ಹಣ. ಸಂವಿಧಾನದ 371ಜೆ ಅನುಚ್ಛೇದದಿಂದ ಹುಟ್ಟಿದ ಅಭಿವೃದ್ಧಿ ಮಂಡಳಿಯು ಕಲಬುರಗಿಯಲ್ಲಿಯೇ ಕುಳಿತಿದೆ. ಅದರ ಆಯವ್ಯಯವು ಸಾವಿರಾರು ಕೋಟಿಯದು. ಅದೇ ಅನುಚ್ಛೇದದ ನೆನಪಿಗೆ 371 ಹಾಸಿಗೆಗಳ ಜಯದೇವ ಹೃದ್ರೋಗ ದವಾಖಾನೆಯು 2024ರ ಡಿಸೆಂಬರದಲ್ಲಿ ಇಲ್ಲಿ ತೆರೆದದ್ದು ನಮಗೆಲ್ಲ ಹೆಮ್ಮೆಯ ಮಾತು. ಹೃದಯಕ್ಕೆ ಅರಮನೆ ಕಟ್ಟಿದ ನಾಡು ವ್ಯಸನಿಗೆ ಒಂದು ಕೋಣೆ, ಒಬ್ಬ ವೈದ್ಯ, ಇಬ್ಬರು ದಾದಿಯರನ್ನು ತಾಲೂಕಿಗೊಂದರಂತೆ ಕೊಡಲಾರದೆ?

ಔಷಧದ ವ್ಯಾಪಾರಿಗಳಿಗೂ ಒಂದು ಮಾತು. ವೈದ್ಯರ ಚೀಟಿ ನೋಡಿ ಪುಸ್ತಕದಲ್ಲಿ ಬರೆದು ಕೊಡಬೇಕಾದ ಔಷಧಗಳ ಪಟ್ಟಿ 2014ರಿಂದ ಜಾರಿಯಲ್ಲಿದೆ. ಆ ಪುಸ್ತಕವು ಇನ್ಸ್‌ಪೆಕ್ಟರರಿಗೆ ತೋರಿಸುವ ಶೃಂಗಾರವಲ್ಲ. ಅದರ ಪ್ರತಿಯೊಂದು ಸಾಲಿನ ಹಿಂದೆ ಒಬ್ಬ ತಾಯಿಯ ಮಗನಿರುವನು. ತಂದೆತಾಯಿಗಳಿಗೂ ಹೇಳುವೆವು: ಮಗನ ಚಟವು ಬಯಲಾದರೆ ಮಾನ ಹೋಗುವದೆಂದು ಮುಚ್ಚಿಡಬೇಡಿರಿ. ಕೇಂದ್ರ ಸರಕಾರದ 14446, ಮನಸ್ಸಿನ ತೊಂದರೆಗಳಿಗಾಗಿರುವ 14416, ಎಚ್.ಐ.ವಿ. ವಿಷಯಕ್ಕಾಗಿರುವ 1097, ಈ ದೂರವಾಣಿಗಳು ಪುಕ್ಕಟೆ ಸಲಹೆ ಕೊಡುವವು.

ಕಲಬುರಗಿಯು ಶರಣಬಸವೇಶ್ವರರ ದಾಸೋಹದ ಊರು. ಬಂದೇ ನವಾಜರ ದರ್ಗಾದ ಊರು. ಬಂದವನು ಯಾರು, ಎಂಥವನು ಎಂದು ಕೇಳಿ ಅನ್ನ ಬಡಿಸುವ ರೂಢಿಯು ಈ ಎರಡು ಬಾಗಿಲಲ್ಲಿಯೂ ಎಂದೂ ಇಲ್ಲ. ಗಡಿಯಲ್ಲಿ ಕಳ್ಳ ವ್ಯಾಪಾರಿಯನ್ನು ಹಿಡಿಯುವ ಕೈಗೆ ನಮ್ಮ ಬೆಂಬಲವಿದೆ. ಅದು ಇನ್ನೂ ಬಲವಾಗಲಿ. ಆದರೆ ಹಸಿದವನಿಗೆ ಅನ್ನವೆಷ್ಟೋ ವ್ಯಸನಿಗೆ ಔಷಧವೂ ಅಷ್ಟೇ. ಬರುವ ಜೂನ್ 26ರಂದು ನಮ್ಮ ಜಿಲ್ಲಾಧಿಕಾರಿಗಳು ಸುಟ್ಟ ಗಾಂಜಾದ ತೂಕವನ್ನು ಓದಿದ ಮೇಲೆ, ಕಪನೂರದಿಂದಲೂ ಕಮಲಾಪುರದಿಂದಲೂ ಚಿಕಿತ್ಸೆಗೆ ಬಂದು ಕೆಲಸಕ್ಕೆ ಮರಳಿದವರ ಸಂಖ್ಯೆಯನ್ನೂ ಓದಲಿ. ಆ ಸಂಖ್ಯೆಯು ಮೊದಲ ವರ್ಷ ಚಿಕ್ಕದಾಗಿದ್ದರೆ ನಾಚಿಕೆಯಿಲ್ಲ. ಅದನ್ನು ಓದುವ ರೂಢಿಯೇ ಇಲ್ಲದಿರುವದು ನಾಚಿಕೆ.